ಕೈ ಎಲ್ಲಿಟ್ಟರೂ

ಬೆಳಿಗ್ಗೆ ಹಾಲಿನ ಲೋಟ ಎತ್ತುವ ಮೊದಲು ಮಗಳು ಅವನ ಕೈಗಳ ಕಡೆ ನೋಡಿದಳೆಂದು ಅವನಿಗೆ ಗುಮಾನಿ. ಬರೀ ಗುಮಾನಿ, ಅವಳು ನೋಡಿದ್ದು ಕೈಯನ್ನೋ, ಕೈಯ ಪಕ್ಕದಲ್ಲಿದ್ದ ಸಕ್ಕರೆ ಡಬ್ಬಿಯನ್ನೋ ಖಾತ್ರಿಯಿರಲಿಲ್ಲ. ಆಗ ಅವನ ಬಲಗೈ ಮೇಜಿನ ಮೇಲಿತ್ತು, ಎಡಗೈ ಮಡಿಲಲ್ಲಿತ್ತು. ಅವಳು ಬಲಗೈಯಲ್ಲಿ ಲೋಟ ಎತ್ತಿ ಒಂದೇ ಉಸಿರಿಗೆ ಕುಡಿದು, ತುಟಿಯ ಮೇಲಿನ ನೊರೆ ಒರೆಸಿಕೊಂಡು, ಬ್ಯಾಗಿಗೆ ಎರಡು ರಾಕೆಟ್ ತುರುಕಿದಳು. ಎಲ್ಲ ಮಕ್ಕಳೂ ಬಲಗೈಯಲ್ಲೇ ಲೋಟ ಎತ್ತುತ್ತವೆ ಎಂದು ತನಗೆ ತಾನೇ ಹೇಳಿಕೊಂಡ. ಅಷ್ಟನ್ನು ಹೇಳಿಕೊಳ್ಳಬೇಕಾಗಿ ಬಂತಲ್ಲ ಎಂದು ಮರುಕ್ಷಣವೇ ಮೇಜಿನ ಮೇಲಿದ್ದ ಬಲಗೈಯನ್ನೂ ಮಡಿಲಿಗೆ ಎಳೆದುಕೊಂಡ. ಒಲೆಯ ಮುಂದೆ ನಿಂತಿದ್ದ ಹೆಂಡತಿ ಈ ಕಡೆ ತಿರುಗಲಿಲ್ಲ. ಎರಡು ವಾರದಿಂದ ಆ ಬೆನ್ನೇ ಅವನಿಗೆ ಉತ್ತರ ಕೊಡುತ್ತಿತ್ತು. ಎರಡು ವಾರದ ಹಿಂದೆ ಬೂಟಿನ ಅಂಗಡಿಯಲ್ಲಿ ಮಗಳು ಎರಡು ಜೊತೆ ಬೂಟುಗಳನ್ನು ಮುಂದಿಟ್ಟುಕೊಂಡು ಕೂತಿದ್ದಳು, ಒಂದು ಬಿಳಿ, ಒಂದು ನೀಲಿ. ಅಂಗಡಿಯವನು ಮೂರು ಸಲ ಕೇಳಿದ, ಯಾವುದು ಕೊಡ್ಲಿ ಮಗೂ. ಅವಳು ತಲೆಯೆತ್ತಿ ಅಪ್ಪನ ಮೊಣಕಾಲುಗಳನ್ನು ನೋಡಿದಳು. ಮೊಣಕಾಲ ಮೇಲೆ ಕೈಗಳಿರಲಿಲ್ಲ, ಅವನು ಪರ್ಸು ಹುಡುಕುತ್ತಿದ್ದ. ಅವಳು ಕಾದಳು. ಹೆಂಡತಿ ಮಗಳ ಕಣ್ಣು ಹೋದ ದಾರಿಯನ್ನು ಹಿಡಿದು ಅವನವರೆಗೆ ಬಂದಳು. ಅವಳಿಗೆ ಅಪ್ಪ ಮಗಳ ನಡುವಿನ ಕೈಸನ್ನೆಗಳ ವಿಷಯ ಯಾರೂ ಹೇಳಿರಲಿಲ್ಲ. ಮನೆಗೆ ಬಂದ ಮೇಲೆ, "ಅವಳಿಗೆ ಯಾವುದು ಇಷ್ಟ ಅಂತ ಅವಳಿಗೇ ಗೊತ್ತಾಗ್ತಿಲ್ಲ ಕಣ್ರೀ. ಏನು ಮಾಡಿಟ್ಟಿದ್ದೀರಿ ನೀವು?" ಎಂದಳು. ಅವನು ನಕ್ಕುಬಿಟ್ಟಿದ್ದ. ನಗಬಾರದಿತ್ತು.

ಅವನು ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರು. ಅಂಗಡಿ ಅಂಗಡಿ ತಿರುಗಿ ತಕ್ಕಡಿಗಳನ್ನು ಪರೀಕ್ಷಿಸಿ, ಸರಿಯಿದ್ದರೆ ಸೀಸದ ಮುದ್ರೆ ಒತ್ತುವುದು, ಇಲ್ಲದಿದ್ದರೆ ಎತ್ತಿಕೊಂಡು ಬರುವುದು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಅವನ ಕಪಾಟಿನಲ್ಲಿ ಮಖಮಲ್ಲಿನ ಗುಳಿಗಳೊಳಗೆ ಹಿತ್ತಾಳೆಯ ತೂಕದ ಬಟ್ಟುಗಳು ಮಲಗಿರುತ್ತಿದ್ದವು. ಅವನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ, ಬೆರಳಿನ ಜಿಡ್ಡಿಗೂ ತೂಕವಿದೆ. ಮಗಳು ಹುಟ್ಟಿದಾಗ ಎರಡು ಕೇಜಿಗೂ ಕಡಿಮೆಯಿದ್ದಳು. ಆಸ್ಪತ್ರೆಯ ತಕ್ಕಡಿಯ ಮೇಲೆ ನಂಬಿಕೆ ಬಾರದೆ ಅವನೇ ಒಂದು ತಂದು ತೂಗಿ, ಅಷ್ಟೇ ಬಂದಾಗ, ಗುಲಗಂಜಿ ಇದ್ದ ಹಾಗಿದ್ದಾಳೆ ಅಂದಿದ್ದ. ಅವತ್ತಿನಿಂದ ಅವಳು ಗುಂಜಿ. ಈಗ ಹದಿಮೂರು. ಐದು ತಿಂಗಳ ಹಿಂದಿನ ಒಂದು ಟೆನಿಸ್ ಪಂದ್ಯದಲ್ಲಿ ಗುಂಜಿ ಹದಿನಾಲ್ಕು ಡಬಲ್ ಫಾಲ್ಟ್ ಮಾಡಿದಳು. ಮೊದಲ ಸರ್ವ್ ನೆಟ್ಟಿಗೆ, ಎರಡನೆಯದು ಗೆರೆಯಾಚೆಗೆ; ಎದುರಾಳಿಗೆ ರಾಕೆಟ್ ಎತ್ತುವ ಕೆಲಸವೇ ಇರಲಿಲ್ಲ. ಹತ್ತನೆಯದರ ಹೊತ್ತಿಗೆ ಸುತ್ತ ಕೂತ ಅಪ್ಪಂದಿರು ಅವನ ಕಡೆ ನೋಡದಿರಲು ಕಷ್ಟಪಡುತ್ತಿದ್ದರು, ಒಬ್ಬ ತಾಯಿ ಪಾಪ ಎಂದಳು. ಆ ಪಾಪ ಎಂಬ ಮಾತು ಬಸ್ಸಿನಲ್ಲಿ ಮನೆಯವರೆಗೂ ಅವನ ಪಕ್ಕದಲ್ಲೇ ಕೂತು ಬಂತು. ಕೋಚ್ ಹೇಳಿದ್ದರು, "ಕೈಯಲ್ಲಿ ತಪ್ಪಿಲ್ಲ ಸಾರ್. ಟಾಸ್ ಚೆನ್ನಾಗಿದೆ. ಬಾಲ್ ಮೇಲಕ್ಕೆ ಹಾಕಿದ ಮೇಲೆ ಎಲ್ಲಿಗೆ ಹೊಡೀಲಿ ಅಂತ ಯೋಚ್ನೆ ಮಾಡ್ತಾಳೆ, ಅಷ್ಟರಲ್ಲಿ ಕೈ ನಿಧಾನ ಆಗುತ್ತೆ. ಎರಡನೇ ಸರ್ವ್‌ಗೆ ಕೈ ನಿಧಾನ ಆಯ್ತೋ, ಮುಗೀತು. ಮೊದಲೇ ಒಂದು ಜಾಗ ತೀರ್ಮಾನ ಮಾಡ್ಲಿ. ಅವಳೇ ಮಾಡ್ಲಿ. ತಪ್ಪಾದ್ರೂ ಬಿಡಿ, ಒಂದು ವರ್ಷ ಸೋಲ್ತಾ ಇರ್ಲಿ, ಕಲೀತಾಳೆ." ಅವನು ಮುಕ್ಕಾಲು ಮಾತನ್ನು ಮಾತ್ರ ಮನೆಗೆ ತಂದ. ಕೆಟ್ಟ ತಕ್ಕಡಿ ಯಾವುದೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಪ್ರತಿಸಲ ಹತ್ತು ಗ್ರಾಂ ಹೆಚ್ಚು ತೋರಿಸುವ ತಕ್ಕಡಿಗೆ ಹೆದರಬೇಕಿಲ್ಲ, ತಿರುಪು ತಿರುಗಿಸಿದರೆ ಆಯಿತು. ಒಂದು ಸಲ ಹೆಚ್ಚು, ಒಂದು ಸಲ ಕಡಿಮೆ, ತನ್ನ ಮನಸ್ಸು ತನಗೇ ಗೊತ್ತಿಲ್ಲದ ಹಾಗೆ ಓಲಾಡುವ ತಕ್ಕಡಿಯೇ ಅಪಾಯ. ಮಗಳ ತೋಳಿನಲ್ಲಿ ದೋಷವಿಲ್ಲ, ಓಲಾಟದಲ್ಲಿದೆ. ಆ ಓಲಾಟವನ್ನು ತಾನು ತೆಗೆದುಕೊಂಡರೆ?

ಹಾಗೆ ಹುಟ್ಟಿದ್ದು ಸನ್ನೆ. ಬಲಗೈ ಬಲಮೊಣಕಾಲ ಮೇಲಿದ್ದರೆ ವೈಡ್, ಎದುರಾಳಿಯನ್ನು ಅಂಗಳದ ಹೊರಕ್ಕೆ ಎಳೆಯುವಂತೆ ಅಂಚಿಗೆ. ಎಡಗೈ ಎಡಮೊಣಕಾಲ ಮೇಲಿದ್ದರೆ ಸೆಂಟರ್, ನಡುಗೆರೆಯ ಉದ್ದಕ್ಕೆ. ಕೈಕಟ್ಟಿ ಕೂತರೆ ಬಾಡಿ, ನೇರ ಮೈಮೇಲೆ. ಹೊರಗೆ ಕೂತವರು ಆಟದ ನಡುವೆ ಏನನ್ನೂ ಹೇಳಿಕೊಡಬಾರದೆಂಬ ನಿಯಮ ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಒಬ್ಬ ಮನುಷ್ಯ ತನ್ನ ಮೊಣಕಾಲ ಮೇಲೆ ತನ್ನ ಕೈ ಇಟ್ಟುಕೊಳ್ಳುವುದಕ್ಕೆ ಯಾವ ನಿಯಮ? ಗುಂಜಿ ಚೆಂಡನ್ನು ಆರು ಸಲ ನೆಲಕ್ಕೆ ಕುಟ್ಟುತ್ತಾಳೆ, ಮೂರನೆಯದಕ್ಕೆ ಕಣ್ಣೆತ್ತುತ್ತಾಳೆ, ಆರನೆಯದರ ಮೇಲೆ ಟಾಸ್. ಡಬಲ್ ಫಾಲ್ಟ್ ಹದಿನಾಲ್ಕರಿಂದ ಆರಕ್ಕೆ, ಆರರಿಂದ ಎರಡಕ್ಕೆ ಇಳಿದವು. ನೂರು ಮೊದಲ ಸರ್ವ್‌ಗಳಲ್ಲಿ ಎಪ್ಪತ್ತು ಒಳಗೆ ಬೀಳತೊಡಗಿದವು. ಅವನು ಸರ್ವ್‌ಗಳ ಲೆಕ್ಕ ಬರೆದಿಡುತ್ತಿದ್ದ ಪುಸ್ತಕದ ಪುಟಗಳು ಚೊಕ್ಕವಾಗುತ್ತ ಹೋದವು. ಪಾಪ ಎಂದಿದ್ದ ತಾಯಿ ಈಗ, ನಿಮ್ಮ ಮಗಳಿಗೆ ಎಷ್ಟು ಧೈರ್ಯ ನೋಡಿ, ಎಂದಳು. ಅವನು ಹಿಗ್ಗಿದ. ಆ ಹಿಗ್ಗಿನಲ್ಲಿ, ಏಳು ವರ್ಷದಿಂದ ಎಡಕ್ಕೇ ತಿರುಗಿ ಶಾಲೆಗೆ ಹೋಗುತ್ತಿದ್ದ ಮಗಳು ಮನೆಯ ಮೆಟ್ಟಿಲು ಇಳಿದು ಬೀದಿಗೆ ಬಂದು, ಎಡಕ್ಕೆ ಹೋಗಬೇಕೋ ಬಲಕ್ಕೋ ಎಂದು ಒಂದು ಗಳಿಗೆ ನಿಂತು ಹಿಂದಿರುಗಿ ನೋಡಿದ್ದು ಅವನಿಗೆ ಕಂಡೂ ಕಾಣಲಿಲ್ಲ.

ಇವತ್ತು ಬಸ್ಸಿನಲ್ಲಿ ಗುಂಜಿ ಕಿಟಕಿಯ ಪಕ್ಕ ಕೂತಳು. ಹೊರಗೆ ನೋಡಲಿಲ್ಲ. ಬಿಸಿಲು ಆಗಲೇ ಗಾಜಿಗೆ ಹತ್ತಿಕೊಂಡಿತ್ತು. ಮೂರನೇ ಸ್ಟಾಪ್ ಆದ ಮೇಲೆ, "ಅಪ್ಪಾ, ಎದುರಿನವಳು ಸರ್ವ್ ಮಾಡುವಾಗ್ಲೂ ಹೇಳ್ತೀರಾ?" ಎಂದಳು.

"ಅವಳು ಸರ್ವ್ ಮಾಡುವಾಗ ನಾನೇನು ಹೇಳೋದು? ಬಾಲ್ ಎಲ್ಲಿ ಬರುತ್ತೆ ನೋಡಿ ಹೊಡೀಬೇಕಪ್ಪ."

"ಹೂಂ." ಬ್ಯಾಗಿನ ಜಿಪ್ಪು ಎಳೆಯುತ್ತ, "ಆದ್ರೂ ನೋಡ್ತೀನಿ," ಎಂದಳು. ಏನನ್ನು ಎಂದು ಕೇಳಲು ಅವನು ಬಾಯಿ ತೆರೆದ. ಕಂಡಕ್ಟರ್ ಬಂದ. ಚಿಲ್ಲರೆ ಎಣಿಸಿಕೊಟ್ಟು ಮುಗಿಯುವಷ್ಟರಲ್ಲಿ ಆ ಪ್ರಶ್ನೆ ಕೇಳುವ ಹೊತ್ತು ದಾಟಿಹೋಗಿತ್ತು. ಕೇಳದೆ ಬಿಟ್ಟದ್ದಕ್ಕೆ ಒಂದು ರೀತಿಯ ಹಗುರವೂ ಆಯಿತು ಎಂಬುದನ್ನು ಅವನು ಮುಚ್ಚಿಡುವಂತಿಲ್ಲ.

ಆಟದ ಮೈದಾನದಲ್ಲಿ ಆರು ಅಂಗಳ, ಸುತ್ತ ತಂತಿಬೇಲಿ, ಅದರಾಚೆ ಆಳೆತ್ತರವನ್ನು ಮೀರಿದ ಗೋಡೆ. ಮಕ್ಕಳ ಪಂದ್ಯಗಳಿಗೆ ಅಂಪೈರ್ ಇರುವುದಿಲ್ಲ. ತನ್ನ ಕಡೆ ಬಿದ್ದ ಚೆಂಡು ಒಳಗೋ ಹೊರಗೋ ಎಂದು ಆಡುವವರೇ ಕೂಗಬೇಕು. ಔಟ್ ಆದರೆ ತೋರುಬೆರಳು ಮೇಲೆ. ಆರು ಅಂಗಳಕ್ಕೂ ಒಬ್ಬಳೇ ರೆಫ್ರಿ, ಕಪ್ಪು ಕೊಡೆ ಹಿಡಿದು ಓಡಾಡುವ ವಯಸ್ಸಾದ ಹೆಂಗಸು, ತಕರಾರು ಬಂದರೆ ಮಾತ್ರ ಹತ್ತಿರ ಬರುತ್ತಾಳೆ. ಅವನು ಪಕ್ಕದ ಕಲ್ಲುಮೆಟ್ಟಿಲ ಮೇಲೆ ತನ್ನ ಎಂದಿನ ಜಾಗ ಹಿಡಿದ. ಆಗ ಎರಡು ಮೆಟ್ಟಿಲ ಕೆಳಗಿಂದ ಒಂದು ದನಿ, "ನಮಸ್ಕಾರ ಸಾಹೇಬ್ರೇ," ಎಂದಿತು. ಹಣ್ಣಿನಂಗಡಿಯವಳು. ಕಳೆದ ವರ್ಷ ಅವಳ ತಕ್ಕಡಿಯನ್ನು ಎತ್ತಿಕೊಂಡು ಬಂದಿದ್ದ. ಮೋಸವೇನೂ ಇರಲಿಲ್ಲ, ನಿಂಬೆಹಣ್ಣಿನ ರಸ ಇಳಿದು ಸ್ಪ್ರಿಂಗು ತುಕ್ಕು ಹಿಡಿದಿತ್ತು, ಪ್ರತಿಸಲ ಬೇರೆ ಬೇರೆ ತೋರಿಸುತ್ತಿತ್ತು. ಅದು ಅವನಿಗೂ ಅವಳಿಗೂ ಗೊತ್ತಿತ್ತು. ಆದರೂ ಅವಳು ಕಚೇರಿಗೆ ಬಂದಾಗ ಮೂರು ಗಂಟೆ ಬಾಗಿಲಲ್ಲಿ ನಿಲ್ಲಿಸಿದ್ದ. ಯಾಕೆ ನಿಲ್ಲಿಸಿದೆ ಎಂದು ಇವತ್ತಿಗೂ ಅವನಿಗೆ ಸರಿಯಾಗಿ ಗೊತ್ತಿಲ್ಲ. ಕುರ್ಚಿ ಖಾಲಿಯೇ ಇತ್ತು. ಕೊನೆಗೆ ಅವಳು, "ನೀವು ಮಾಡಿದ್ದು ಸರಿ ಸಾಹೇಬ್ರೇ, ಗಿರಾಕಿಗೆ ಮೋಸ ಆಗ್ಬಾರ್ದು," ಎಂದು ಹೇಳಿ ಹೋಗಿದ್ದಳು. ಬೈದಿದ್ದರೆ ಚೆನ್ನಾಗಿತ್ತು. ಈಗ ಅವಳು ಅಂಗಳದಲ್ಲಿ ಬೂಟಿನ ದಾರ ಬಿಗಿಯುತ್ತಿದ್ದ ಉದ್ದಜಡೆಯ ಹುಡುಗಿಯನ್ನು ತೋರಿಸಿ, "ನನ್ನ ಮಗಳು. ನಿಮ್ಮ ಮಗಳ ಮೇಲೆ ಇವತ್ತು," ಎಂದಳು. ಆಮೇಲೆ, "ನೀವಿದ್ದೀರಲ್ಲ, ಇನ್ನು ಅಳತೆ ತಪ್ಪಲ್ಲ ಬಿಡಿ," ಎಂದು ನಕ್ಕಳು. ಅದರಲ್ಲಿ ಕೊಂಕು ಹುಡುಕಿದ, ಸಿಗಲಿಲ್ಲ.

ಮೊದಲ ಸೆಟ್ ಗುಂಜಿಯದು, ಎರಡನೆಯದು ಉದ್ದಜಡೆಯದು. ಬಲಗೈ, ಎಡಗೈ, ಕೈಕಟ್ಟು. ಎದುರಿನವಳ ಬ್ಯಾಕ್‌ಹ್ಯಾಂಡ್ ಹಗುರ, ಅತ್ತ ಮೂರು ಸರ್ವ್ ಹೋದ ಮೇಲೆ ಒಂದು ಮೈಮೇಲೆ. ಎರಡನೇ ಸರ್ವ್ ಯಾವಾಗಲೂ ಸೆಂಟರ್, ಅಲ್ಲಿ ನೆಟ್ ತಗ್ಗು. ಅವನ ಲೆಕ್ಕಾಚಾರ ಚೆನ್ನಾಗಿಯೇ ನಡೆದಿತ್ತು. ಆದರೆ ಎರಡನೇ ಸೆಟ್ಟಿನ ನಡುವೆ ಅವನ ಬೆನ್ನಿಗೆ ಒಂದು ಚಳಿ ಹತ್ತಿತು, ಅಷ್ಟು ಬಿಸಿಲಿನಲ್ಲಿ. ಉದ್ದಜಡೆ ಸರ್ವ್ ಮಾಡಲು ಚೆಂಡು ಕುಟ್ಟುತ್ತಿದ್ದಾಗಲೂ ಗುಂಜಿಯ ಮುಖ ಇವನ ಕಡೆಗಿತ್ತು. ಚೆಂಡು ಎದುರಾಳಿಯ ರಾಕೆಟ್ ಬಿಡುವ ಗಳಿಗೆಯಲ್ಲಷ್ಟೇ ಆ ಕಡೆ ತಿರುಗುತ್ತಿದ್ದಳು. ಅತ್ತ ನೋಡು ಎನ್ನಲು ತಲೆಯಾಡಿಸಿದ. ಅವಳಿಗೆ ಅದು ಯಾವ ಸನ್ನೆಯೂ ಅಲ್ಲ, ಗೊಂದಲಗೊಂಡು ಇನ್ನಷ್ಟು ನೋಡಿದಳು. ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತ. ಆಗ ಅವಳ ಸರ್ವ್ ಬಂತು. ಕೈಗಳು ಕಾಣಲಿಲ್ಲ. ಆರು ಕುಟ್ಟು ಮುಗಿದು ಏಳಾಯಿತು, ಎಂಟಾಯಿತು. ಮೊದಲನೆಯದು ನೆಟ್ಟಿಗೆ, ಎರಡನೆಯದು ಬೇಲಿಯ ಬುಡಕ್ಕೆ. ಮತ್ತೆ ಹಾಗೆಯೇ. ನಾಲ್ಕು ಡಬಲ್ ಫಾಲ್ಟ್, ಒಂದು ಗೇಮು, ಒಂದು ಸೆಟ್ಟು. ಅವಳ ಮೋರೆಯಲ್ಲಿ ಸಿಟ್ಟಿರಲಿಲ್ಲ, ಅಳುವಿರಲಿಲ್ಲ; ದೀಪ ಆರಿದ ಕೋಣೆಯಲ್ಲಿ ಗೋಡೆ ತಡವುವವರ ಮುಖವಿರುತ್ತದಲ್ಲ, ಹಾಗಿತ್ತು. ಅವನಿಗೆ ತಡೆಯಲಾಗಲಿಲ್ಲ. ಮೂರನೇ ಸೆಟ್ಟಿಗೆ ಕೈಗಳನ್ನು ಹೊರತೆಗೆದ.

ಐದು ನಾಲ್ಕು, ಗುಂಜಿ ಮುಂದೆ. ಉದ್ದಜಡೆಯ ಸರ್ವ್, ಮೂವತ್ತು ನಲವತ್ತು. ಈ ಒಂದು ಪಾಯಿಂಟ್ ಬಂದರೆ ಪಂದ್ಯ ಗುಂಜಿಯದು. ಉದ್ದಜಡೆಯ ಮೊದಲ ಸರ್ವ್ ನೆಟ್ಟಿಗೆ ಬಿತ್ತು. ಹಣ್ಣಿನಂಗಡಿಯವಳು ಸೆರಗಿನ ತುದಿಯನ್ನು ಹಲ್ಲಿಗೆ ಕಚ್ಚಿಕೊಂಡಿದ್ದಳು. ಎರಡನೇ ಸರ್ವ್‌ಗೆ ಆ ಹುಡುಗಿಯ ಕೈ ನಿಧಾನವಾದದ್ದನ್ನು ಅವನು ಕಂಡ. ಚೆಂಡು ಎತ್ತರಕ್ಕೆ ಎದ್ದು, ಮೆಲ್ಲಗೆ ದಾಟಿ ಬಂದು, ಅವನು ಕೂತಲ್ಲಿಗೆ ನೇರಕ್ಕಿದ್ದ ಅಡ್ಡಗೆರೆಯ ಮೇಲೆ ಬಿತ್ತು. ಗೆರೆಯ ಬಿಳುಪಿನ ನಟ್ಟನಡುವೆ. ಇಪ್ಪತ್ತೆರಡು ವರ್ಷ ಮುಳ್ಳು ಎಲ್ಲಿ ನಿಂತಿತೆಂದು ನೋಡಿದ ಕಣ್ಣು ಅದು, ತಪ್ಪುವುದಿಲ್ಲ. ಅದೇ ಗಳಿಗೆ ಹುಬ್ಬಿನಿಂದ ಬೆವರು ಕಣ್ಣಿಗಿಳಿದು ಚುರ್ ಎಂದಿತು. ಒರೆಸಿಕೊಳ್ಳಲು ಅವನ ಬಲಗೈ ಮೇಲೆದ್ದಿತು, ತೋರುಬೆರಳು ಮುಂದೆ. ಚೆಂಡು ಗುಂಜಿಯ ರಾಕೆಟ್ಟಿನ ಅಂಚಿಗೆ ತಗಲಿ ಬೇಲಿಗೆ ಹಾರಿತು. ಗುಂಜಿ ಇವನನ್ನೇ ನೋಡುತ್ತ ತನ್ನ ತೋರುಬೆರಳು ಎತ್ತಿದಳು.

"ಔಟ್!"

ಉದ್ದಜಡೆ ಇದ್ದಲ್ಲೇ ನಿಂತಳು. "ಅದು ಗೆರೆ ಮೇಲಿತ್ತು," ಎಂದಳು, ಜಗಳದ ದನಿಯಲ್ಲಲ್ಲ. ಗುಂಜಿ ಪಂದ್ಯ ಮುಗಿಯಿತೆಂದು ಕೈಕುಲುಕಲು ಕೈ ಚಾಚಿಕೊಂಡು ನೆಟ್ಟಿನ ಕಡೆ ನಡೆಯತೊಡಗಿದಳು. ಕೊಡೆಯ ಹೆಂಗಸು ಎರಡು ಅಂಗಳ ದಾಟಿ ಬಂದಳು. ಹಣ್ಣಿನಂಗಡಿಯವಳು ಎದ್ದು ನಿಂತು, ರೆಫ್ರಿಯ ಕಡೆಗಲ್ಲ, ಅವನ ಕಡೆಗೆ ತಿರುಗಿದಳು. "ಸಾಹೇಬ್ರೇ, ನೀವು ಗೆರೆಗೆ ಸರಿಯಾಗಿ ಕೂತಿದ್ರಿ. ಒಳಗಾ, ಹೊರಗಾ? ನೀವು ಹೇಳಿದ್ದಕ್ಕೆ ನಾನು ಎರಡು ಮಾತಾಡಲ್ಲ." ಒಳಗೆ ಎಂದರೆ ಮಗಳು ಎಲ್ಲರೆದುರು ಸುಳ್ಳಿ. ಹೊರಗೆ ಎಂದರೆ, ಆ ಹುಡುಗಿಯ ತಕ್ಕಡಿಯ ತಟ್ಟೆಗೆ ತಾನೇ ಬೆರಳೊತ್ತಿದ ಹಾಗೆ. ರೆಫ್ರಿ ಅವನನ್ನು ಆ ಇಕ್ಕಟ್ಟಿನಿಂದ ಬಿಡಿಸಿದಳು, ಅಥವಾ ಹಾಗೆಂದು ಅವನಿಗೆ ಅರೆಗಳಿಗೆ ಅನ್ನಿಸಿತು.

"ಹೊರಗಿನವರ ಮಾತು ಲೆಕ್ಕಕ್ಕಿಲ್ಲಮ್ಮ. ಕೂಗಿದವಳೇ ಹೇಳ್ಬೇಕು." ಅವಳು ಗುಂಜಿಯ ಕಡೆ ಬಗ್ಗಿದಳು. "ಮಗೂ, ಬಾಲ್ ಔಟಾಗಿದ್ದು ನೀನು ಕಣ್ಣಾರೆ ನೋಡಿದ್ಯಾ?"

ಗುಂಜಿ ಅಪ್ಪನ ಕಡೆ ತಿರುಗಿದಳು. ಅವಳ ಜೊತೆ ರೆಫ್ರಿಯೂ ತಿರುಗಿದಳು, ಹಣ್ಣಿನಂಗಡಿಯವಳೂ ತಿರುಗಿದಳು. ಅವನ ಕೈಗಳು ಎಂದೂ ಅಷ್ಟು ದೊಡ್ಡವಾಗಿ ಕಂಡಿರಲಿಲ್ಲ. ಮೊಣಕಾಲ ಮೇಲೆ ಇಡುವಂತಿಲ್ಲ, ಕಟ್ಟುವಂತಿಲ್ಲ, ಎತ್ತುವಂತಿಲ್ಲ. ತಾನು ತಲೆಯಾಡಿಸಿ ನಿಜ ಹೇಳಿಸಿದರೂ ಆ ನಿಜ ಅವಳದಾಗುವುದಿಲ್ಲ, ಅದೂ ತನ್ನ ಒಂದು ಸನ್ನೆಯಾಗುತ್ತದೆ, ಅಷ್ಟೇ. ಕೈಗಳನ್ನು ಬೆನ್ನ ಹಿಂದೆ ಸರಿಸಿದ. "ನೀನು ಏನು ನೋಡಿದ್ಯೋ ಅದನ್ನ ಹೇಳು ಪುಟ್ಟಾ," ಎಂದ. ದನಿ ಬೇರೆ ಯಾರದೋ ಇದ್ದಂತಿತ್ತು.

ಗುಂಜಿ ಯೋಚಿಸಿದಳು. ಶಾಲೆಯಲ್ಲಿ ಸುಲಭದ ಲೆಕ್ಕ ಕೇಳಿದಾಗ ಯೋಚಿಸುವಷ್ಟೇ. "ನಾನು ಬಾಲ್ ನೋಡ್ಲಿಲ್ಲ ಮಿಸ್," ಎಂದಳು. "ನಾನು ಅಪ್ಪನ ಕೈ ನೋಡ್ತಿದ್ದೆ. ಅಪ್ಪ ಬೆರಳು ಎತ್ತಿದ್ರು."

ಪಕ್ಕದ ಅಂಗಳದಲ್ಲಿ ಯಾರದೋ ಚೆಂಡು ತಡೆಯಿಲ್ಲದೆ ಉರುಳುತ್ತಿತ್ತು. ಹಣ್ಣಿನಂಗಡಿಯವಳು ಅವನನ್ನು ನೋಡಿದಳು, ಸಿಟ್ಟಿನಿಂದಲ್ಲ. ಕಚೇರಿಯ ಬಾಗಿಲಲ್ಲಿ ಮೂರು ಗಂಟೆ ನಿಂತಾಗಲೂ ಹೀಗೇ ನೋಡಿರಬೇಕು, ಆಗ ಅವನು ತಲೆಯೆತ್ತಿರಲಿಲ್ಲ. ರೆಫ್ರಿ ಕೇಳಿದ್ದು ಎರಡೇ ಪ್ರಶ್ನೆ. ಯಾವಾಗ್ಲೂ ಹೀಗೇನಾ? ಹೂಂ ಮಿಸ್. ಎಷ್ಟು ದಿನದಿಂದ? ಗುಂಜಿ ಉತ್ತರಕ್ಕಾಗಿ ಮತ್ತೆ ಅಪ್ಪನ ಕಡೆ ನೋಡಿದಳು. ರೆಫ್ರಿ ಕೊಡೆ ಮಡಚಿದಳು. ನೋಡದ ಚೆಂಡು ಒಳಗಿದ್ದ ಹಾಗೆಯೇ ಲೆಕ್ಕ, ಪಾಯಿಂಟ್ ಉದ್ದಜಡೆಗೆ. "ನೀವು ಗೇಟಿನ ಹೊರಗೆ ಹೋಗಿ ಸಾರ್. ಇನ್ನೊಂದು ಸಲ ನಿಮ್ಮಿಂದ ಒಂದು ಸನ್ನೆ, ಒಂದು ಮಾತು ಬಂತೋ, ಮಗು ಪಂದ್ಯ ಸೋತ ಹಾಗೆ. ಅರ್ಥ ಆಯ್ತಾ?" ಅವನು ಮೆಟ್ಟಿಲಿಳಿದ. ಅಪ್ಪಂದಿರು ಈ ಸಲ ನೋಡದಿರಲು ಕಷ್ಟಪಡಲಿಲ್ಲ, ಚೆನ್ನಾಗಿಯೇ ನೋಡಿದರು. ನಡೆಯುವಾಗ ಕೈಗಳನ್ನು ಹೇಗೆ ಬೀಸಬೇಕೆಂಬುದೇ ಮರೆತುಹೋಗಿ, ಎರಡನ್ನೂ ಪ್ಯಾಂಟಿನ ಜೇಬಿಗೆ ತುರುಕಿಕೊಂಡ.

ಗೋಡೆಯ ಹೊರಗೆ ಬೀದಿ ಖಾಲಿಯಿತ್ತು. ನೆರಳು ಗೋಡೆಗೆ ಅಂಟಿಕೊಂಡಂತೆ ಒಂದು ಗೇಣು ಅಗಲ. ಅವನು ಆ ಗೇಣಿನೊಳಗೆ ಬೆನ್ನು ಹಚ್ಚಿ ನಿಂತ. ಒಳಗಿನ ಆಟ ಬರೀ ಸದ್ದಾಯಿತು. ಉದ್ದಜಡೆ ಎರಡು ಪಾಯಿಂಟ್ ಗೆದ್ದು ಐದು ಐದು ಮಾಡಿದ್ದು ಕೂಗಿನಿಂದ ಗೊತ್ತಾಯಿತು. ಆಮೇಲೆ ಗುಂಜಿಯ ಸರ್ವ್. ಚೆಂಡು ಕುಟ್ಟುವ ಸದ್ದು. ಅವನು ಎಣಿಸಿದ. ನಾಲ್ಕು, ಐದು, ಆರು. ಏಳು. ಹೊಡೆ, ಎಲ್ಲಿಗಾದರೂ ಹೊಡೆ, ಬೇಲಿಗೆ ಹೊಡೆ, ಗೋಡೆಯಾಚೆ ನನ್ನ ತಲೆಗೆ ಹೊಡೆ ಎಂದು ಒಳಗೊಳಗೇ ಬೇಡಿಕೊಂಡ. ಸೋಲಲಿ. ಒಂದು ವರ್ಷ ಸೋಲ್ತಾ ಇರ್ಲಿ ಎಂದು ಕೋಚ್ ಹೇಳಿದ್ದರಲ್ಲ. ಈ ಒಂದು ಚೆಂಡನ್ನು ಅವಳೇ ಎಲ್ಲಿಗೋ ಹೊಡೆದರೆ ಸಾಕು, ತಾನು ಇನ್ನೆಂದೂ ಮೆಟ್ಟಿಲ ಮೇಲೆ ಕೂರುವುದಿಲ್ಲ. ಹನ್ನೊಂದು, ಹನ್ನೆರಡು. ರೆಫ್ರಿ, "ಟೈಮ್ ಆಗ್ತಿದೆ ಮಗೂ," ಎಂದಳು. ಹದಿನೈದು. ಕುಟ್ಟು ನಿಂತಿತು. ಟಾಸ್ ಹಾಕಿದಳೆಂದು ಅವನು ಉಸಿರು ಬಿಗಿಹಿಡಿದ. ರಾಕೆಟ್ಟಿನ ಸದ್ದು ಬರಲಿಲ್ಲ.

"ಅಪ್ಪಾ?"

ಕೂಗಿದ್ದಲ್ಲ. ಸ್ನಾನದ ಮನೆಯಿಂದ ಟವೆಲ್ ಕೇಳುವ ದನಿ. ಗೋಡೆಯ ಯಾವ ಕಡೆಗೆ ಮುಖಮಾಡಿ ಕೇಳಬೇಕೆಂದು ತಿಳಿಯದೆ, ಇನ್ನೊಮ್ಮೆ ಬೇರೆ ದಿಕ್ಕಿಗೆ ಕೇಳಿದಳು.

"ಅಪ್ಪಾ, ಇದ್ದೀರಾ?"

ಅವನು ಎರಡೂ ಕೈಗಳನ್ನು ಜೇಬಿನಿಂದ ಕಿತ್ತು ಬಾಯಿಗೆ ಒತ್ತಿಕೊಂಡ. ಹಲ್ಲು ತುಟಿಗೆ ಕಚ್ಚಿ ಉಪ್ಪುಪ್ಪಾಯಿತು. ಉತ್ತರ ಕೊಡಬಾರದು, ಇಷ್ಟೇ ತಾನು ಮಾಡಬೇಕಾದದ್ದು, ಜನ್ಮದಲ್ಲಿ ಇದೊಂದನ್ನು ಮಾಡಿದರೆ ಸಾಕು ಎಂದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಚೆಂಡಿನ ಕುಟ್ಟು ಮತ್ತೆ ಶುರುವಾಯಿತು. ಒಂದು, ಎರಡು. ಮೂರನೆಯದರ ಮೇಲೆ ಅದು ನಿಂತಿತು, ಅವಳು ಕಣ್ಣೆತ್ತುವ ಜಾಗದಲ್ಲಿ. ಅಲ್ಲಿ ತಾನಿಲ್ಲ. ಅವಳು ಖಾಲಿ ಕಲ್ಲುಮೆಟ್ಟಿಲನ್ನು ನೋಡುತ್ತಿದ್ದಾಳೆ.

"ಸೆಂಟರ್!"

ಯಾರು ಕೂಗಿದರೆಂದು ಅವನು ಬೀದಿಯ ಆಚೀಚೆ ನೋಡಿದ. ಅವನ ಕೈಗಳು ಬಾಯಿಯ ಸುತ್ತ, ದನಿ ದೂರ ಹೋಗಲೆಂದು ಕೊಳವೆಯ ಹಾಗೆ ನಿಂತಿದ್ದವು. ಗೋಡೆಯೊಳಗೆ ನಾಲ್ಕು, ಐದು, ಆರು, ಆಮೇಲೆ ರಾಕೆಟ್ಟಿನ ಸದ್ದು, ತುಂಬಿದ, ಒಡಕಿಲ್ಲದ ಸದ್ದು. ಕೈ ಎಲ್ಲೂ ನಿಧಾನವಾಗಿರಲಿಲ್ಲ. ಚೆಂಡು ಒಂದು ಸಲ ನೆಲಕ್ಕೆ ಬಡಿದು ಹಿಂದಿನ ಬೇಲಿಗೆ ಹೋಗಿ ಬಿತ್ತು, ಎದುರಿನ ರಾಕೆಟ್ ಅದನ್ನು ಮುಟ್ಟಿದ ಸದ್ದೇ ಬರಲಿಲ್ಲ. ಯಾರೋ ಚಪ್ಪಾಳೆ ತಟ್ಟಲು ಹೋಗಿ ಅರ್ಧಕ್ಕೆ ನಿಲ್ಲಿಸಿದರು. ರೆಫ್ರಿ ಏನೋ ಹೇಳಿದಳು, ಒಂದೇ ಮಾತು, ಮತ್ತು ಅವಳ ಚಪ್ಪಲಿಯ ಸದ್ದು ಗೇಟಿನ ಕಡೆಗೆ ಬರತೊಡಗಿತು. ಹೆದರಿಕೆ, ನಾಚಿಕೆ, ಮನೆಯಲ್ಲಿ ಕಾದಿರುವ ಆ ಬೆನ್ನು, ಎಲ್ಲ ಆಮೇಲೆ ಬಂದವು. ಅವೆಲ್ಲಕ್ಕಿಂತ ಮೊದಲು, ಬಿಸಿಲಿನ ಬೀದಿಯಲ್ಲಿ ಒಬ್ಬನೇ ನಿಂತಿದ್ದ ಅವನಿಗೆ ಆದದ್ದು ಸಂತೋಷ.